ಬೆರಳ ಬಿಗಿ

ಚೆಂಡುಹೂವಿನ ಹಾರವನ್ನು ಇನ್ನೂ ತೆಗೆದಿಲ್ಲ, ಒಣಗಿ ತರಗಾಗಿ ಶಟರಿನ ಕೊಕ್ಕೆಯಲ್ಲಿ ನೇತಾಡುತ್ತಿದೆ, ಆಯುಧಪೂಜೆ ಮುಗಿದು ಹತ್ತೊಂಬತ್ತು ದಿನವಾಯಿತು, ಒಂದು ಹಾರ ಕಿತ್ತೆಸೆಯಲು ಪುರುಸೊತ್ತಿಲ್ಲದವನು ಊರವರ ಗಾಡಿ ರಿಪೇರಿ ಮಾಡುತ್ತಾನಂತೆ — ಫಕೀರೇಶ ರಸ್ತೆಯ ಈಚೆ ಹೊಂಗೆ ಮರದ ಕೆಳಗೆ ನಿಂತು ಹಲ್ಲು ಕಚ್ಚುತ್ತಾನೆ, ಕೈಯಲ್ಲಿ ಊಟದ ಚೀಲ, ಚೀಲದಲ್ಲಿ ಊಟವಿಲ್ಲ, ತಾನು ಕೆಲಸ ಮಾಡುವ ಲೇತ್ ಶೆಡ್ಡಿನಿಂದ ಎತ್ತಿಕೊಂಡು ಬಂದ ದೊಡ್ಡ ಸ್ಪ್ಯಾನರ್ ಇದೆ, ಊಟ ಕಟ್ಟಿಕೊಡುವ ಕೈ ಈಗ ಕುತ್ತಿಗೆಯಿಂದ ಇಳಿಬಿಟ್ಟ ಪಟ್ಟಿಯೊಳಗಿದೆ, ಹೆಂಡತಿ ನೀಲಾಂಬಿಕಾಳ ಬಲಗೈ, ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ಕಾಲರ್ ಹೊಲಿದ ಕೈ, ಲೈನಿನಲ್ಲಿ ಅವಳಷ್ಟು ಬೇಗ ಕಾಲರ್ ತಿರುಗಿಸುವವರು ಇನ್ನೊಬ್ಬರಿಲ್ಲ ಎಂದು ಸೂಪರ್‌ವೈಸರೇ ಹೇಳುತ್ತಿದ್ದ ಕೈ, ಡಾಕ್ಟರು ಅದರ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ಬೆರಳು ಮಡಚೋದು ಬರುತ್ತೆ ಕಣ್ರೀ, ಮೊದಲಿನ ಥರಾನೇ ಬರುತ್ತೆ ಅಂತ ನಾನು ಹೇಳಕ್ಕಾಗಲ್ಲ ಎಂದರು, ಅವಳು ಡಾಕ್ಟರನ್ನು ಬಿಟ್ಟು ಇವನ ಮುಖ ನೋಡಿದಳು, ಇವನು ಎಕ್ಸ್‌ರೇ ನೋಡಿದ. ಅವತ್ತಿನಿಂದ ಕಣ್ಣು ಮುಚ್ಚಿದರೆ ಸಾಕು ಎರಡು ಬೆರಳು, ತುದಿಗೆ ಕುಂಕುಮ, ಕುಂಕುಮದ ಮೇಲೆ ಗ್ರೀಸು, ಹಿಂದಿನ ಚಕ್ರದ ನಟ್ಟನ್ನು ಹಿಡಿದು ತಿರುಗಿಸುತ್ತಿವೆ. ಗ್ಯಾರೇಜಿನ ಮಧುಕುಮಾರನ ಬೆರಳು. ಅವನು ಅನುಭವಿಸಬೇಕು, ಅವನ ಮನೆಯಲ್ಲೂ ಒಂದು ಕೈ ಹೀಗೆ ನೇತಾಡಬೇಕು, ಆಗ ಇವನಿಗೆ ನಿದ್ದೆ ಬರುತ್ತದೆ.

ಎಷ್ಟು ಸಲ ಓಡಾಡಿಸಿದ ಆ ಮಧುಕುಮಾರ, ಚೈನ್ ಸ್ಪ್ರಾಕೆಟ್ ಹಾಕುವುದು ಅರ್ಧ ದಿನದ ಕೆಲಸ, ಸೋಮವಾರ ಬಿಟ್ಟ ಗಾಡಿ, ಮಂಗಳವಾರ ಹೋದರೆ ಪಾರ್ಟ್ ಬಂದಿಲ್ಲ ಸಾರ್, ಬುಧವಾರ ಹೋದರೆ ಬಂದಿದೆ ಸಾರ್ ಆದ್ರೆ ಬೇರೆ ಸೈಜ್ ಕಳಿಸ್ಬಿಟ್ಟವ್ರೆ, ಗುರುವಾರ ಫೋನ್ ಎತ್ತಲಿಲ್ಲ, ಶುಕ್ರವಾರ ಹೋದರೆ ಗಾಡಿ ಹೊರಗೆ ಮಳೆಯಲ್ಲಿ ನಿಂತಿದೆ, ಚೈನಿಲ್ಲ, ಸೀಟಿಲ್ಲ, ಸೀಟಿನ ಜಾಗದಲ್ಲಿ ಯಾರೋ ಕುಡಿದಿಟ್ಟ ಟೀ ಲೋಟ, ಒಳಗೆ ಅವನು ಯಾರದೋ ಹೊಸ ಗಾಡಿಗೆ ಶಾಂಪೂ ಹಾಕಿ ತೊಳೆಯುತ್ತಿದ್ದಾನೆ, ಹಬ್ಬಕ್ಕೆ ಎಲ್ಲರಿಗೂ ವಾಷಿಂಗ್ ಬೇಕು ಸಾರ್, ರಶ್ಶು, ನಾಳೆ ಬನ್ನಿ, ಪಕ್ಕಾ — ಆ ಪಕ್ಕಾ ಎನ್ನುವ ಮಾತನ್ನು ಅವನ ಬಾಯಿಗೇ ತುರುಕಬೇಕು ಅನ್ನಿಸಿತ್ತು, ಆದರೂ ಫಕೀರೇಶ ಆಯ್ತ್ರಿ ಎಂದು ತಲೆಯಾಡಿಸಿ ಕಾಮಾಕ್ಷಿಪಾಳ್ಯದ ಮನೆಯವರೆಗೆ ನಡೆದುಕೊಂಡು ಹೋದ, ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಶೆಡ್ಡಿನ ಯಜಮಾನ ಚಿಕ್ಕಹನುಮಯ್ಯನಿಗೂ ತಲೆ, ಮನೆ ಮಾಲೀಕನಿಗೂ ತಲೆ, ಇಷ್ಟು ವರ್ಷದಲ್ಲಿ ಈ ಊರಿಗೆ ಅವನು ಕೊಟ್ಟ ಉತ್ತರವೆಲ್ಲ ತಲೆಯಾಡಿಸಿಯೇ. ಸಾಕು. ಇವತ್ತು ಕೈ ಆಡಬೇಕು.

ಮೂರು ದಿನದಿಂದ ನೋಡಿಟ್ಟುಕೊಂಡಿದ್ದಾನೆ, ಒಂದೂವರೆಗೆ ಮಧುಕುಮಾರನ ಹೆಂಡತಿ ಚೈತ್ರ ಡಬ್ಬಿ ತರುತ್ತಾಳೆ, ಗಂಡ ಹೆಂಡತಿ ಒಳಗೆ ಟೈರುಗಳ ನಡುವೆ ಸ್ಟೂಲ್ ಹಾಕಿಕೊಂಡು ಉಣ್ಣುತ್ತಾರೆ, ಎರಡಕ್ಕೆ ಅವಳನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಹೊಸಹಳ್ಳಿ ಮೆಟ್ರೊಗೆ ಬಿಡುತ್ತಾನೆ, ಅವಳು ಒಂದೇ ಕಡೆ ಕಾಲು ಹಾಕಿ ಕೂರುತ್ತಾಳೆ, ನೀಲಾಂಬಿಕಾ ಕೂರುವ ಹಾಗೆಯೇ, ಮತ್ತು ಆ ಗಾಡಿ ಈಗ ಇದೇ ಹೊಂಗೆ ಮರದ ಕೆಳಗೆ, ಇವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ನಿಂತಿದೆ. ಒಂದು ಸುತ್ತು ಸಡಿಲ ಮಾಡಿದರೆ ಸಾಕು, ಮಾಗಡಿ ರಸ್ತೆಯ ಎರಡು ಹಂಪು, ನಟ್ಟು ತಾನೇ ತಿರುಗುತ್ತದೆ, ಚಕ್ರ ಓರೆಯಾಗುತ್ತದೆ, ಚೈನು ಕಳಚಿ ಸಿಕ್ಕಿಕೊಳ್ಳುತ್ತದೆ, ಚಕ್ರ ನಿಂತೇಬಿಡುತ್ತದೆ — ಗೊತ್ತು, ಅದು ಹೇಗೆ ನಿಲ್ಲುತ್ತದೆ, ಎಂಥ ಸದ್ದು ಮಾಡುತ್ತದೆ ಎಲ್ಲ ಗೊತ್ತು, ಅವತ್ತು ಆಯುಧಪೂಜೆಯ ದಿನ ಮಲ್ಲತ್ತಹಳ್ಳಿ ಕೆರೆ ಇನ್ನೂ ಅರ್ಧ ಕಿಲೋಮೀಟರ್ ಇತ್ತು, ಹೆಂಡತಿಯ ಅಕ್ಕ ಕಸ್ತೂರೆವ್ವನ ಮನೆಗೆ ಹಬ್ಬದ ಊಟಕ್ಕೆ ಹೊರಟಿದ್ದರು, ನೀಲಾಂಬಿಕಾಳ ಮಡಿಲಲ್ಲಿ ಕರಿಗಡುಬಿನ ಡಬ್ಬಿ, ಗಾಡಿ ಯಾಕೋ ಅಲ್ಲಾಡಾಕತ್ತೈತ್ರೀ ಎಂದಳು, ರಸ್ತೆ ಹಂಗೈತಿ ಸುಮ್ನ ಕೂಡು ಎಂದ, ಆಮೇಲೆ ಆ ಸದ್ದು, ಆಮೇಲೆ ಅವಳು ಡಬ್ಬಿಯನ್ನು ಎಡಗೈಯಲ್ಲಿ ಎದೆಗೊತ್ತಿಕೊಂಡು ಬಲಗೈಯನ್ನು ಊರಿ ಬಿದ್ದದ್ದು, ಡಬ್ಬಿ ತೆರೆಯಲೇ ಇಲ್ಲ, ಒಂದು ಕಡುಬೂ ಮುರಿಯಲಿಲ್ಲ. ಮಾರನೆಯ ದಿನ ಬನ್ನಿ ಕೊಡಲು ಬಂದ ಊರ ಕಡೆಯವರು ಅವಳ ಎಡಗೈಗೆ ಎಲೆ ಕೊಟ್ಟು ಬಂಗಾರದಂಗ ಇರೂಣು ಎಂದರು, ಅವಳು ಎಡಗೈಯಲ್ಲೇ ತೆಗೆದುಕೊಂಡು ನಕ್ಕಳು, ಅವರು ಹೋದ ಮೇಲೆ, ನಟ್ ಬಿಗಿ ಮಾಡದಂಗ ಗಾಡಿ ಕೊಟ್ಟಾನಲ್ಲ, ಒಂದ್ ಮಾತರ ಹೇಳಬಾರದಿತ್ತಾ, ಅವನ ಕೈಗೆ ಹುಳಾ ಬೀಳ್ಲಿ ಎಂದು ಅತ್ತಳು, ಇವನು ಬೀಳ್ಲಿ ಎಂದ.

ಹೇಳಿದೆ ಅನ್ನುತ್ತಾನೆ ಆ ಮಗ, ಟೀ ಅಂಗಡಿಯ ಜನರ ಮುಂದೆ ಇವನು ಕೂಗಾಡಿದಾಗ ಕೈಯೊರೆಸುತ್ತ ಹೊರಗೆ ಬಂದು, ಸಾರ್ ಅವತ್ತೇ ಹೇಳಿದ್ನಲ್ಲಾ ಸಾರ್, ಅಕ್ಕನ ಕೈ ಹೆಂಗಿದೆ ಈಗ, ಎಂದು ಕೇಳುತ್ತಾನೆ, ಅಕ್ಕನಂತೆ, ನೀ ಹೇಳೇ ಇಲ್ಲ ಎಂದು ಇವನು ಇನ್ನೂ ಜೋರಾಗಿ ಕೂಗಿದ, ಅವನು ಸುಮ್ಮನಾದ, ಜನ ಸುಮ್ಮನಾದವನನ್ನೇ ಕಳ್ಳನನ್ನು ನೋಡುವಂತೆ ನೋಡಿದರು, ಎಷ್ಟು ಹಿತವಾಗಿತ್ತು ಆ ಕ್ಷಣ. ಹೇಳಿದ ಅಂತಲೇ ಇಟ್ಟುಕೊಳ್ಳೋಣ, ಏನು ಹೇಳಿದ, ಹೇಗೆ ಹೇಳಿದ, ಹಬ್ಬದ ಬೆಳಿಗ್ಗೆ ಅಂಗಡಿ ತುಂಬ ಊದುಬತ್ತಿ ಹೊಗೆ, ರಸ್ತೆಯಲ್ಲಿ ಒಡೆದ ಬೂದುಗುಂಬಳ, ಹಲಗೆಯ ಮೇಲೆ ಸ್ಪ್ಯಾನರುಗಳೆಲ್ಲ ತೊಳೆಸಿಕೊಂಡು ಕುಂಕುಮ ಇಡಿಸಿಕೊಂಡು ಸಾಲಾಗಿ ಮಲಗಿವೆ, ಅವನು ಹಲ್ಲು ಬಿಟ್ಟುಕೊಂಡು, ಚೈನ್ ಹಾಕಿದೀನಿ ಸಾರ್, ಹಿಂದಗಡೆ ನಟ್ಟೊಂದು ಕೈಬಿಗಿ ಇದೆ, ಟೂಲ್ಸ್ ಪೂಜೆಗೆ ಇಟ್ಬಿಟ್ಟೆ, ಇವತ್ತು ಮುಟ್ಟಂಗಿಲ್ಲ, ನಾಳೆ ಬೆಳಿಗ್ಗೆ ತನ್ನಿ, ಎರಡು ನಿಮಿಷದ ಕೆಲಸ, ಅಲ್ಲೀಗಂಟ ಮನೇಲೇ ನಿಲ್ಲಿಸ್ಕೊಳಿ — ಎಂದು ಕೂತು ಎರಡು ಬೆರಳಲ್ಲಿ ನಟ್ಟು ತಿರುಗಿಸಿ ತೋರಿಸಿದ. ಹೌದು, ಹೇಳಿದ. ನಗುತ್ತ ಹೇಳಿದರೆ ಅದು ಹೇಳಿದಂತಾಗುತ್ತದೆಯೇ, ಐದು ದಿನ ಸುಳ್ಳು ಹೇಳಿದವನು ಆರನೆಯ ದಿನ ನಿಜ ಹೇಳಿದರೆ ಅದು ನಿಜ ಎಂದು ಯಾರಿಗೆ ಗೊತ್ತಾಗಬೇಕು, ಒಂದು ದಿನ ಮೊದಲೇ ಮುಗಿಸಿದ್ದರೆ ಈ ಮಾತೇ ಬರುತ್ತಿರಲಿಲ್ಲ, ತಪ್ಪು ಅವನದೇ, ಅವನದೇ, ಅವನದೇ.

ಒಳಗಿನಿಂದ ಡಬ್ಬಿಯ ಮುಚ್ಚಳದ ಸದ್ದು, ಊಟ ನಡೆದಿದೆ, ಫಕೀರೇಶ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಕೂತ, ಸ್ಪ್ಯಾನರ್ ತೆಗೆದ, ನಟ್ಟಿಗೆ ಕೂರಿಸಿ ಮೈಭಾರ ಹಾಕಿದ, ಎಷ್ಟು ಬಿಗಿ ಮಾಡಿಕೊಂಡಿದ್ದಾನೆ ತನ್ನ ಗಾಡಿಗೆ, ಕರ್ರ್ ಎಂದಿತು, ಬಿಟ್ಟಿತು, ಇನ್ನು ಸ್ಪ್ಯಾನರ್ ಬೇಡ, ಬೆರಳು ಸಾಕು, ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ, ನಟ್ಟು ಎಣ್ಣೆ ಹಚ್ಚಿದಂತೆ ತಣ್ಣಗೆ ತಿರುಗಿತು — ಮತ್ತು ಹಾಗೆ ತಿರುಗುವುದು ಬೆರಳಿಗೆ ಪರಿಚಿತವಾಗಿತ್ತು. ನೋಡಿದ್ದಲ್ಲ, ಮುಟ್ಟಿದ್ದು. ತನ್ನ ಮನೆಯ ಮುಂದೆ, ಅದೇ ಹಬ್ಬದ ಬೆಳಿಗ್ಗೆ, ಗಾಡಿಗೆ ವಿಭೂತಿ ಪಟ್ಟೆ ಎಳೆದು ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಏಳುವ ಮುನ್ನ ಹಿಂದಿನ ನಟ್ಟನ್ನು ಮುಟ್ಟಿ ನೋಡಿದ್ದ, ಅದು ಹೀಗೆಯೇ ತಿರುಗಿತ್ತು, ಒಳಗೆ ದೇವರ ಜಗಲಿಯ ಮೇಲೆ ಇದೇ ಅಳತೆಯ ಸ್ಪ್ಯಾನರ್ ಇತ್ತು, ಅವನದೇ, ಆದರೆ ಅರ್ಧ ಗಂಟೆಯ ಹಿಂದೆ ಅದಕ್ಕೂ ಹೂವಿಟ್ಟು ಕೈ ಮುಗಿದಾಗಿತ್ತು, ಇಪ್ಪತ್ತು ವರ್ಷ ಲೇತಿನ ಮುಂದೆ ನಿಂತವನು ಖಂಡೆಪೂಜೆಯ ದಿನ ಕಬ್ಬಿಣ ಎತ್ತಿದವನಲ್ಲ, ಎತ್ತಿದರೆ ಮುಂದಿನ ವರ್ಷ ಅದೇ ಕಬ್ಬಿಣ ಕೈ ತಿನ್ನುತ್ತದೆ ಎಂದು ನಂಬಿದವನು, ತನ್ನ ಕೈ. ಹಿಂದೆ ನೀಲಾಂಬಿಕಾ ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತಿದ್ದಳು, ಏನಾತ್ರಿ, ಎಂದಳು. ಏನಿಲ್ಲ, ಹತ್ತು, ಎಂದ.

ಹೋಗೋಣ್ವಾ ರೀ, ಟೈಮಾಯ್ತು, ಚೈತ್ರ ಬಂದೇಬಿಟ್ಟಳು, ಹಿಂದೆ ಬಾಯೊರೆಸುತ್ತ ಮಧುಕುಮಾರ, ಸಾರ್ ನೀವಾ, ಏನ್ ಸಾರ್ ಇಲ್ಲಿ ಕೂತಿದೀರಾ, ಅವಳು ಬ್ಯಾಗು ಹೆಗಲಿಗೇರಿಸಿ ಫುಟ್‌ರೆಸ್ಟಿನ ಮೇಲೆ ಕಾಲಿಟ್ಟಳು, ಅವಳ ಬಲಗೈ ಸೀಟಿನ ಮೇಲಿದೆ, ಬಳೆ ಹಾಕಿದ ಕೈ, ಬೆರಳು ಚಾಚಿದ ಕೈ, ಏನಿಲ್ಲ ಎಂದರೆ ಮುಗಿಯಿತು, ಏನಿಲ್ಲ, ಏನಿಲ್ಲ — ಹತ್ತಬ್ಯಾಡ್ರಿ, ಎಂದಿತು ಬಾಯಿ, ನಟ್ ಸಡ್ಲ ಐತಿ. ಮಧುಕುಮಾರ ಬಗ್ಗಿ ನೋಡಿದ, ಇವನ ಕೈಯ ಸ್ಪ್ಯಾನರ್ ನೋಡಿದ, ಇವನ ಮುಖ ನೋಡಿದ, ಏನೂ ಕೇಳಲಿಲ್ಲ, ಕೇಳಿದ್ದರೆ ಹೊಡೆಯಬಹುದಿತ್ತು, ಹೊಡೆಸಿಕೊಳ್ಳಬಹುದಿತ್ತು, ಅವನು ಸ್ಪ್ಯಾನರನ್ನು ಇವನ ಕೈಯಿಂದಲೇ ತೆಗೆದುಕೊಂಡು ಬಿಗಿ ಮಾಡಿದ, ಹತ್ತು ಎಣಿಸುವಷ್ಟರಲ್ಲಿ ಮುಗಿಯಿತು, ಹತ್ತು, ಅಷ್ಟೇ, ಸ್ಪ್ಯಾನರ್ ವಾಪಸು ಕೊಟ್ಟು ಗಾಡಿ ಏರಿದ, ಅವರು ಹೋದರು. ಫಕೀರೇಶ ಕೂತೇ ಇದ್ದಾನೆ, ಸಿಟ್ಟು ಇಳಿದಿಲ್ಲ, ಎಲ್ಲಿಗೆ ಹೋಗಬೇಕೋ ತಿಳಿಯದೆ ಎದೆಯಲ್ಲೇ ಸುತ್ತುತ್ತಿದೆ, ಮನೆಗೆ ಹೋಗಬೇಕು, ಅವಳಿಗೆ ಹೇಳಬೇಕು, ಅವಳು ಎಡಗೈಯಲ್ಲಿ ನೀರು ಕೊಡುತ್ತಾಳೆ, ಅವನ ಕೈಗೆ ಹುಳಾ ಬೀಳ್ಲಿ ಅನ್ನುತ್ತಾಳೆ, ಯಾರ ಕೈಗೆ ಎಂದು ಹೇಳಬೇಕು, ಹೇಗೆ ಹೇಳಬೇಕು, ಎರಡು ಬೆರಳು, ತುದಿಗೆ ಕುಂಕುಮ, ಕುಂಕುಮದ ಮೇಲೆ ಗ್ರೀಸು, ತನ್ನವೇ ಬೆರಳು, ನಟ್ಟು ತಿರುಗುತ್ತಿದೆ, ಹಿಂದೆ ಅವಳು ನೆರಿಗೆ ಹಿಡಿದು ನಿಂತಿದ್ದಾಳೆ, ನಟ್ಟು ತಿರುಗುತ್ತಿದೆ, ಬೆರಳು