ಕೈ ಕಲಿಸೋ ಮೇಡಂ

"ನಡ್ಕೊಂಡ್ ಬಂದಿದಾನೆ, ನುಣ್ಣಗೆ ಗಡ್ಡ ಹೆರ್ಕೊಂಡಿದಾನೆ, ಮದುಮಗನ ಥರ ಅಂಗಿ ಹಾಕ್ಕೊಂಡಿದಾನೆ. ಇವನಿಗೇನಮ್ಮ ಧಾಡಿ?"

ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಸಾಹೇಬನ ಮಾತಿಗೆ ಬಾಗಿಲಲ್ಲಿದ್ದ ಜವಾನ ಕಿಸಕ್ಕನೆ ನಕ್ಕ. ಎದುರಿಗೆ ಕೂತಿದ್ದ ಗಾರೆ ಕೆಲಸದವನೂ ನಕ್ಕ. ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಮಿದುಳಿಗೆ ಪೆಟ್ಟಾದ ಮೇಲೆ ಯಾರು ನಕ್ಕರೂ ಅವನು ನಗುತ್ತಿದ್ದ. ಪಕ್ಕದಲ್ಲಿದ್ದ ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು.

ಏಳು ತಿಂಗಳಿಂದ ಆಕೆ ತಟ್ಟದ ಬಾಗಿಲಿಲ್ಲ. ನರದ ಡಾಕ್ಟರು ಗಾಯ ಮಾಗಿದೆಯೆಂದು ಕೈತೊಳೆದುಕೊಂಡರು. ವ್ಯಾಯಾಮ ಮಾಡಿಸುವವನು ಕಾಲನ್ನೇನೋ ಸರಿಮಾಡಿದ. ಆದರೆ ಸಾಬೂನು ಕೊಟ್ಟರೆ ಬಾಯಿಗಿಡುವ, ಬಾಚಣಿಗೆ ಕೊಟ್ಟರೆ ಪಿಳಿಪಿಳಿ ನೋಡುವ, ಗಾರೆ ಮೆತ್ತುವ ಕರಣೆ ಹಿಡಿದ ಬಲಗೈಯನ್ನೇ ಮರೆತ ಗಂಡನನ್ನು ಕಟ್ಟಿಕೊಂಡು ಏನು ಮಾಡುವುದು? ಕೊನೆಗೆ ಆ ವ್ಯಾಯಾಮದವನೇ ದಾರಿ ಹೇಳಿದ. ಇದಕ್ಕೆಂದೇ ಆಕ್ಯುಪೇಷನಲ್ ಥೆರಪಿಸ್ಟ್ ಅಂತ ಇರುತ್ತಾರಂತೆ. ಉಣ್ಣುವುದು, ಉಡುವುದು, ಕಸುಬು, ಎಲ್ಲವನ್ನೂ ಮೊದಲಿಂದ ಕಲಿಸುತ್ತಾರಂತೆ. ಮಿದುಳಿಗೆ ಪೆಟ್ಟಾದವರನ್ನು ನೋಡುವವರು ಇಲ್ಲಿ ಒಬ್ಬರೇ ಮೇಡಂ, ಸಾಹೇಬರ ಚೀಟಿಯಿಲ್ಲದೆ ಒಳಗೆ ಬಿಡುವುದಿಲ್ಲ, ತಡಮಾಡಿದಷ್ಟೂ ಕೈ ಮರಗಟ್ಟುತ್ತದೆ ಎಂದ. ಕೈ ಕಲಿಸೋ ಮೇಡಂ ಎಂದು ಆಕೆ ಮನಸ್ಸಿನಲ್ಲೇ ಹೆಸರಿಟ್ಟುಕೊಂಡಳು.

ಅದಕ್ಕೇ ಇವತ್ತು ಗಂಡನ ಮೈ ತೊಳೆದು, ಗಡ್ಡ ಹೆರೆದು, ಒಂದೊಂದೇ ಗುಂಡಿ ಹಾಕಿ ಕರೆತಂದಿದ್ದಳು. ದೊಡ್ಡವರ ಮುಂದೆ ಕೊಳಕಾಗಿ ನಿಂತರೆ ನಾಯಿಗಿಂತ ಕಡೆಯಾಗಿ ಅಟ್ಟುತ್ತಾರೆ ಎಂಬುದು ಅವರ ಕೇರಿಗೆಲ್ಲ ಗೊತ್ತಿದ್ದ ವಿಷಯ. ಆ ಮರ್ಯಾದೆಯೇ ಈಗ ಮುಳುವಾಯಿತು.

ಎಲ್ಲ ತಾನೇ ಮಾಡಿದ್ದೆಂದು ಗೋಗರೆದಳು. ನಿಮ್ಮಂಥವರಿಗೆ ಕೂತು ತಿನ್ನುವ ಚಟ ಎಂದ ಸಾಹೇಬ, ರೋಗಿ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಾನೆ, ಥೆರಪಿ ಬೇಕಿಲ್ಲ ಎಂದು ಗಟ್ಟಿಯಾಗಿ ಓದಿಕೊಳ್ಳುತ್ತ ಬರೆಯತೊಡಗಿದ.

ಆಕೆ ಗಂಡನ ಅಂಗಿಯ ಗುಂಡಿಗಳನ್ನೆಲ್ಲ ಬಿಚ್ಚಿದಳು. "ಎಲ್ಲಿ, ನೀನೇ ಹಾಕ್ಕೋ."

ಅವನ ಎಡಗೈ ಎದೆಯ ಮೇಲೆಲ್ಲ ತಡಕಾಡಿತು. ಬಲಗೈ ತೊಡೆಯ ಮೇಲಿಂದ ಏಳಲೇ ಇಲ್ಲ. ಕಡೆಗೆ ಅಂಗಿಯ ಅಂಚನ್ನು ಬಾಯಿಗೆ ಹಾಕಿಕೊಂಡು ಅಗಿದ. ಈಗ ನಗುತ್ತಿರಲಿಲ್ಲ. ಕಣ್ಣಲ್ಲಿ ನೀರಿತ್ತು. ಅವನಿಗೆ ತಿಳಿಯುತ್ತಿತ್ತು, ಹಾಳಾದ್ದು, ಎಲ್ಲವೂ ತಿಳಿಯುತ್ತಿತ್ತು.

"ನಾಟಕ," ಎಂದ ಸಾಹೇಬ. ಇವರನ್ನು ಆಚೆ ದಬ್ಬು ಎಂದು ಜವಾನನಿಗೆ ಸನ್ನೆ ಮಾಡಿ ಮತ್ತೆ ಪೆನ್ನು ಎತ್ತಿದ.

ಆಕೆ ಮೇಜಿನ ಮೇಲೆ ಬಾಗಿ ಸಾಹೇಬನ ಬಲಗೈ ಮಣಿಕಟ್ಟನ್ನು ಹಿಡಿದು ಹಲಗೆಗೆ ಅದುಮಿದಳು. ಅವಳದು ಹದಿನೈದು ವರ್ಷ ಇಟ್ಟಿಗೆ ಹೊತ್ತ ಕೈ, ಅವನು ಕೊಸರಾಡಿದರೂ ಅಲುಗಲಿಲ್ಲ.

"ನಾಟ್ಕಾನಾ? ಈ ಕೈ ಸತ್ತೋಯ್ತು ಅನ್ಕೋ, ಬೋಳಿಮಗನೇ. ಎಡಗೈಲಿ ಬರೀ ಚೀಟೀನ."

ಜವಾನ ಎರಡು ಹೆಜ್ಜೆ ಮುಂದೆ ಬಂದವನು, ಅಂಗಿ ಅಗಿಯುತ್ತಿದ್ದವನನ್ನು ನೋಡಿ ಅಲ್ಲೇ ನಿಂತುಬಿಟ್ಟ. ಸಾಹೇಬ ಎಡಗೈಯಲ್ಲಿ ಪೆನ್ನು ಹಿಡಿದು ಏನೋ ಗೀಚಿದ.

"ನೆಟ್ಟಗೆ ಬರೀ," ಎಂದಳು. "ನಂಗೆ ಓದಕ್ಕೆ ಬರಲ್ಲ. ಮೇಡಂಗೆ ಬರುತ್ತೆ."