ಉಸ್ತಾದನ ನಾಲಿಗೆ

ಬಿರಿಯಾನಿಯ ದೇಗಿನ ಮುಚ್ಚಳ ತೆಗೆದಾಗ ಮೊದಲ ರುಚಿ ಅಡುಗೆಯ ಉಸ್ತಾದನದೇ. ಅವನು ಅಂಗೈ ನೆಕ್ಕಿ ತಲೆಯಾಡಿಸುವ ತನಕ ಬೇರೆ ಯಾರೂ ನಾಲಿಗೆಗೆ ಹಚ್ಚುವಂತಿಲ್ಲ. ಮಾನ್ವಿಯ ಬುರ್ಹಾನುದ್ದೀನ್ ಅವತ್ತು ದೇವದುರ್ಗದ ಗಿರಣಿ ಸಾಹುಕಾರನ ಮದುವೆಯಲ್ಲಿ ಅಂಗೈ ನೆಕ್ಕಿದ. ತುಕ್ಕು ಹಿಡಿದ ಕಬ್ಬಿಣ ನೆಕ್ಕಿದಂತಾಯಿತು, ಅಷ್ಟೇ.

ರಾಯಚೂರಿನ ಡಾಕ್ಟರು ಹೇಳಿದ್ದರು: "ಸಕ್ಕರೆ ರೋಗ ಮೂತ್ರಪಿಂಡ ತಿಂದದ. ನಾಲಿಗಿ ಕೆಟ್ಟಿದ್ದೂ ಅದರಿಂದನ." ರಕ್ತ ತೊಳೆಯುವ ಯಂತ್ರ ಹೈದರಾಬಾದಿನಲ್ಲಿತ್ತು, ಉಳ್ಳವರ ಪಾಲಿಗೆ.

"ನಾ ರುಚಿ ನೋಡ್ಲೇನ್ರೀ?" ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಹೆಂಡತಿ ಮಹಬೂಬೀ ಪಿಸುಗುಟ್ಟಿದಳು.

"ಬಾಯಿ ಮುಚ್ಚ ಬೇ! ನಾಲಿಗಿ ಸತ್ತ ಅಡಗಿಯವ ಅಂತ ಗೊತ್ತಾದ್ರ ಹೊಟ್ಟಿಪಾಡು ಹೋತು." ಇನ್ನೆರಡು ಮುಷ್ಟಿ ಉಪ್ಪು ಎರಚಿದ.

ಮೊದಲ ಪಂಕ್ತಿಯವರೇ ಥೂ ಎಂದು ಉಗುಳಿದರು. "ಸಮುದ್ರ ತಂದು ಸುರುವೀದಿ ಏನಲೇ ಮುದುಕಾ?" ಎಂದು ಸಾಹುಕಾರ ಚೀರಿದ. ದೇಗು ಗಿರಣಿಯ ಹಿಂದಿದ್ದ, ಮೂಟೆ ಹೊರುವ ಹಮಾಲರ ಮುಂದೆ ಹೋಯಿತು. ಉಳ್ಳವರು ಉಗುಳಿದ್ದನ್ನು ಉಣ್ಣಲೆಂದೇ ಈ ದೇಶ ಅವರನ್ನು ಸಾಕಿಕೊಂಡಿದೆಯಲ್ಲ!

ಹಮಾಲ ಮೌನಪ್ಪ ಅನ್ನಕ್ಕೆ ನೀರು ಸುರಿದು ಕಲಸಿಕೊಂಡು ನುಂಗುತ್ತಿದ್ದ. ಬಾತ ಕಾಲೆಳೆಯುತ್ತ ಬಂದ ಬುರ್ಹಾನುದ್ದೀನ್ ಅವನೆದುರು ಕುಕ್ಕರಿಸಿದ.

"ಖರೇ ಹೇಳು, ಹೆಂಗದ?"

"ಚಲೋ ಅದ ಉಸ್ತಾದ್. ನಮಗ ಬಿರಿಯಾನಿ ಯಾರು ಕೊಡ್ತಾರ?" ಮೌನಪ್ಪ ಮತ್ತೆ ತಂಬಿಗೆಗೆ ಕೈ ಹಾಕಿದ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬುರ್ಹಾನುದ್ದೀನ್ ಆ ಎಲೆಯಿಂದಲೇ ಒಂದು ತುತ್ತು ಅಗಿದ. ಮಣ್ಣು.

"ಇನ್ನ ಮ್ಯಾಲ ನೀನ ರುಚಿ ನೋಡು," ಎಂದ, ಒಲೆಯ ಬಳಿ ವಾಪಸು ಬಂದು ಹೆಂಡತಿಗೆ.

ಮಹಬೂಬೀ ಸೌಟು ತೊಳೆಯುತ್ತಲೇ ಇದ್ದಳು. "ಇನ್ನ ನಮ್ಮನ್ನ ಯಾರು ಕರೀತಾರ್ರೀ?"