ಹತ್ತನೇ ಮೀಟರು

ಅಳಿಯ ಪರದೆಯನ್ನು ತಿರುಗಿಸುವ ಮೊದಲೇ ಮಾವ ಕನ್ನಡಕ ಏರಿಸಿಕೊಂಡು ಕುರ್ಚಿಯ ತುದಿಗೆ ಬಂದಿದ್ದರು. ಪರದೆಯ ಮೇಲೆ ಗಾಜಿನ ಕಾರ್ಖಾನೆಯ ಕುಲುಮೆಗೋಡೆಯ ಚಿತ್ರ. ಅದರ ಉದ್ದಕ್ಕೂ ಶಾಖದ ಏರಿಳಿತ ತೋರಿಸುವ ಒಂದು ನೀಲಿ ಗೆರೆ ನುಣ್ಣಗೆ ಹರಿದಿತ್ತು. ಗೋಡೆಯಲ್ಲಿ ಹುಗಿದ ಹತ್ತನೇ ಮೀಟರಿನ ಹತ್ತಿರ ಅದು ತಗ್ಗಿ, ಮಾವ ಕೊಟ್ಟಿದ್ದ ಅಂಕಿಯನ್ನು ಮುಟ್ಟಿ, ಏನೂ ಆಗಿಲ್ಲವೆಂಬಂತೆ ಮತ್ತೆ ಮೇಲೇರಿತ್ತು. ಆ ಅಂಕಿ ಸುಳ್ಳು ಎಂಬುದು ಮಾವನಿಗೊಬ್ಬರಿಗೇ ಗೊತ್ತಿತ್ತು.

ಸಿಕ್ಕಿಬಿದ್ದ, ಎಂದುಕೊಂಡರು.

"ಚೆನ್ನಾಗಿ ಬಂದಿದೆ," ಎಂದರು ಬಾಯಿಬಿಟ್ಟು. "ಎಷ್ಟು ನೈಸಾಗಿದೆ!"

ಅಳಿಯ ನಾಚಿಕೊಂಡು ನಕ್ಕ. ಆ ನಗುವನ್ನೂ ಮಾವ ನಂಬಲಿಲ್ಲ.

ಕಾರ್ಖಾನೆಯಲ್ಲಿ ಅವರಿಗೆ ಅನುಮಾನಪ್ಪ ಎಂಬ ಅಡ್ಡಹೆಸರಿತ್ತು. ಅದನ್ನು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಕುಲುಮೆಯ ಕೆಲಸವೇ ಹಾಗೆ. ಕರಗಿದ ಗಾಜು ಒಳಗಿನಿಂದ ಇಟ್ಟಿಗೆಯನ್ನು ದಿನವೂ ತಿನ್ನುತ್ತಿರುತ್ತದೆ, ಹೊರಗೆ ನಿಂತವರಿಗೆ ಏನೂ ಕಾಣುವುದಿಲ್ಲ. ಗೋಡೆಯಲ್ಲಿ ಅಲ್ಲಲ್ಲಿ ಹುಗಿದ ಶಾಖದ ಮೀಟರುಗಳನ್ನು ನೋಡಿ, ಇಟ್ಟಿಗೆ ಎಲ್ಲಿ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಬೇಕು. ಇಟ್ಟಿಗೆ ತೆಳ್ಳಗಾದಲ್ಲಿ ಮೀಟರು ಏರುತ್ತದೆ. ನಿವೃತ್ತರಾದ ಮೇಲೂ ಆ ಮೀಟರುಗಳನ್ನು ಓದಲು ಇವರನ್ನೇ ಕರೆಯುತ್ತಿದ್ದರು. ಬೇರೆಯವರ ಕಣ್ಣಿನ ಮೇಲೆ ಅಲ್ಲಿ ಯಾರಿಗೂ ಅಷ್ಟು ಭರವಸೆ ಇರಲಿಲ್ಲ. ಈಗ ಅದೇ ಗೋಡೆಯ ಪಕ್ಕದಲ್ಲಿ ಪಾಳಿಯ ಮುಖ್ಯಸ್ಥೆಯಾಗಿ ನಿಲ್ಲುವವಳು ಅವರ ಮಗಳು. ಗೋಡೆ ಬಾಯಿಬಿಟ್ಟರೆ ಮೊದಲು ಸಿಗುವವಳು ಅವಳೇ.

ಲೆಕ್ಕ ಹಾಕುವವನು ಅವಳ ಗಂಡ. ಅವನ ಓದೆಲ್ಲ ಗಣಿತದಲ್ಲಿ, ಆಂಶಿಕ ಅವಕಲ ಸಮೀಕರಣ. ಮದುವೆಯ ಮಾತುಕತೆಯ ದಿನ ಅವನು ಅದನ್ನು ಹೇಳಿದಾಗ ಮನೆಯವರೆಲ್ಲ ಏನೋ ಕಾಯಿಲೆಯ ಹೆಸರು ಕೇಳಿದವರಂತೆ ಮುಖ ಮುಖ ನೋಡಿಕೊಂಡಿದ್ದರು. ಹಳೆಯ ಪ್ರೋಗ್ರಾಂ ಗೋಡೆಯನ್ನು ಲಕ್ಷಗಟ್ಟಲೆ ಚೂರು ಮಾಡಿ ಲೆಕ್ಕ ಮಾಡುತ್ತಿತ್ತು. ಒಂದು ಹಗಲು ಒಂದು ರಾತ್ರಿ ಹಿಡಿಯುತ್ತಿತ್ತು. ಅಳಿಯನದು ಹಾಗಲ್ಲ. ಬಾಗಿದ ಕೆಲವೇ ತುಂಡುಗಳು, ಬೆಸೆದ ಜಾಗ ಗೊತ್ತಾಗದ ಹಾಗೆ ಒಂದಕ್ಕೊಂದು ಸೇರಿದವು. ಕಾಫಿ ಆರುವುದರೊಳಗೆ ಉತ್ತರ ಸಿದ್ಧ. "ಸ್ಪ್ಲೈನ್ ಅಂತಾರೆ ಮಾವ, ಅದರ ಮೇಲೆ ಕಟ್ಟಿರೋದು," ಎಂದಿದ್ದ.

ಅಲ್ಲೇ ಮಾವನ ತಲೆಗೆ ಹುಳ ಹೊಕ್ಕಿದ್ದು. ಸ್ಪ್ಲೈನ್ ಅವರಿಗೇನು ಹೊಸದೇ? ಹುಡುಗರಾಗಿದ್ದಾಗ ನಕ್ಷೆ ಬರೆಯುವ ಕೋಣೆಯಲ್ಲಿ ಆ ಬಗ್ಗುವ ಪಟ್ಟಿಯನ್ನು ಎಷ್ಟು ಸಲ ಹಿಡಿದಿದ್ದರು! ಬಿಂದುಗಳ ಮೇಲೆ ಭಾರ ಇಟ್ಟು ಪಟ್ಟಿ ಬಗ್ಗಿಸಿದರೆ ಚೆಂದದ ಗೆರೆ ಬರುತ್ತಿತ್ತು. ಬಿಂದು ತಪ್ಪಿದ್ದರೂ ಗೆರೆ ಚೆಂದವೇ. ಹಾಗಾದರೆ ಈ ಹುಡುಗ ಶಾಖದ ಲೆಕ್ಕ ಮಾಡುತ್ತಿದ್ದಾನೋ, ನಾನು ಕೊಟ್ಟ ಬಿಂದುಗಳ ಮೇಲೆ ಬರೀ ಗೆರೆ ಎಳೆದು ಎಲ್ಲರ ಕಣ್ಣಿಗೆ ಮಣ್ಣೆರಚುತ್ತಿದ್ದಾನೋ? ಹೆಂಡತಿಯ ಹತ್ತಿರ ಹೇಳಿದರೆ ಅವರು, "ಮಗಳನ್ನ ಕೊಡುವಾಗ ಇಲ್ಲದ ಅನುಮಾನ ಈಗ ಯಾಕ್ರೀ?" ಎಂದರು.

"ಆಗಲೂ ಇತ್ತು," ಎಂದಿದ್ದರು ಮಾವ.

ಹೀಗಾಗಿ ನಿನ್ನೆ ಸಂಜೆ ಎಲ್ಲ ಮೀಟರುಗಳನ್ನೂ ಸರಿಯಾಗಿ ಓದಿ, ಎಲ್ಲಕ್ಕಿಂತ ಹೆಚ್ಚು ತೋರಿಸುತ್ತಿದ್ದ ಹತ್ತನೆಯದನ್ನು ಮಾತ್ರ ಬೇಕೆಂದೇ ತುಂಬಾ ಇಳಿಸಿ ಕಳಿಸಿದ್ದರು. ನಿಜವಾಗಿ ಲೆಕ್ಕ ಮಾಡುವ ಪ್ರೋಗ್ರಾಂ ಆದರೆ ಅದನ್ನು ಒಪ್ಪಬಾರದು. ಎರಡೂ ಪಕ್ಕದ ಇಟ್ಟಿಗೆ ಕಾದಿರುವಾಗ ನಡುವಿನದೊಂದು ಹಾಗೆ ತಣ್ಣಗಿರುವುದಿಲ್ಲ. ಬರೀ ಗೆರೆ ಎಳೆಯುವುದಾದರೆ ಸುಳ್ಳನ್ನೂ ಸವರಿಕೊಂಡು ಹೋಗುತ್ತದೆ. ಇವತ್ತು ರಜೆ. ಹೆಂಡತಿಯ ಜೊತೆ ಮಗಳ ಮನೆಗೆ ಊಟಕ್ಕೆ ಬಂದು, ಊಟವಾದ ಮೇಲೆ, ರಿಪೋರ್ಟು ಕಾರ್ಖಾನೆಗೆ ಹೋಗುವ ಮುಂಚೆ, ಮೆಲ್ಲಗೆ ವಿಷಯ ಬಿಚ್ಚುವುದೆಂದು ಅವರ ಎಣಿಕೆ. ಗೆರೆ ಸವರಿಕೊಂಡು ಹೋಗಿತ್ತು. ಮಗಳ ಗಂಡನನ್ನು ಹಿಡಿದುಹಾಕಿದ ಖುಷಿಗೆ ಅವರಿಗೆ ಒಳಗೊಳಗೇ ನಾಚಿಕೆಯೂ ಆಯಿತು. ಆದರೂ ಖುಷಿಯೇ ಹೆಚ್ಚಾಗಿತ್ತು.

"ಹತ್ತನೇ ಮೀಟರು ಏನೂ ತಕರಾರು ಮಾಡ್ಲಿಲ್ವಾ, ಅಳಿಯಂದ್ರೇ?" ಎಂದರು, ಹಗ್ಗ ಸಡಿಲ ಬಿಡುವವರಂತೆ.

"ಮಾಡ್ತು ಮಾವ. ಸಿಕ್ಕಾಪಟ್ಟೆ ಹಟ ಮಾಡ್ತು."

"ಅಂದ್ರೆ?"

"ಆ ಅಂಕಿ ಸಾಧ್ಯಾನೇ ಇಲ್ಲ, ತೆಗೆದುಹಾಕು ಅಂತ ಪ್ರೋಗ್ರಾಮು ಕೆಂಪಗೆ ತೋರಿಸ್ತು. ಎರಡು ಸಲ ಓಡಿಸಿದೆ, ಎರಡು ಸಲಾನೂ ಅದೇ ರಾಗ."

ಮಾವನ ಕೈ ಕನ್ನಡಕದ ಮೇಲೆಯೇ ನಿಂತಿತು. "ಮತ್ತೆ ಗೆರೆ ಇಲ್ಲಿ ಆ ಅಂಕಿ ಮೇಲೇ ಹೋಗಿದೆಯಲ್ಲ?"

"ನಾನೇ ಹೋಗಿಸಿದ್ದು." ಅಳಿಯ ತಲೆ ಕೆರೆದುಕೊಂಡ. "ಬೇರೆ ಯಾರಾದ್ರೂ ಓದಿದ್ದಿದ್ರೆ ಕಿತ್ತು ಬಿಸಾಕ್ತಿದ್ದೆ. ನೀವು ಓದಿದ್ದು ತಪ್ಪಾಗುತ್ತಾ? ನನ್ನ ಪ್ರೋಗ್ರಾಮಲ್ಲೇ ಏನೋ ಐಬಿದೆ ಅಂದ್ಕೊಂಡು, ಮಾವನ ಅಂಕೀನ ಒಪ್ಪಲೇಬೇಕು ಅಂತ ಕಟ್ಟುಮಾಡಿ ಓಡಿಸಿದೆ. ಆ ಐಬು ಆಮೇಲೆ ಹುಡುಕಿದ್ರಾಯ್ತು ಅಂತ."

ಮಾವ ಕನ್ನಡಕ ತೆಗೆದರು. "ರಿಪೋರ್ಟು?"

"ಬೆಳಿಗ್ಗೇನೇ ಕಳಿಸಿದೆ."

"ಇಷ್ಟು ಬೇಗ ಯಾರು ಕಳಿಸು ಅಂದ್ರು ನಿಮ್ಗೆ?"

"ಬೇಗ ಆಗ್ಲಿ ಅಂತಾನೇ ಅಲ್ವಾ ಮಾವ ಇದನ್ನ ಮಾಡಿದ್ದು?"

ಅಡುಗೆಮನೆಯಿಂದ ಅತ್ತೆ ತಟ್ಟೆಗಳನ್ನು ತಂದು ಮೇಜಿನ ಮೇಲಿಟ್ಟರು. "ನಿಮ್ಮ ಮಗಳು ರಜೆ ದಿನಾನೂ, ನಾವು ಬರೋ ಮೊದಲೇ, ಊಟ ಬಿಟ್ಟು ಕಾರ್ಖಾನೆಗೆ ಓಡಿದ್ಲಲ್ಲ. ಗೋಡೆ ಗಟ್ಟಿ ಇದೆ ಅಂತ ರಿಪೋರ್ಟು ಬಂತಂತೆ, ಇವತ್ತೇ ಉರಿ ಏರಿಸ್ಬೇಕಂತೆ. ಊಟಕ್ಕೆ ಕಾಯ್ಬೇಡಿ ಅಂತ ಅಳಿಯಂದ್ರ ಹತ್ರ ಹೇಳಿ ಹೋಗಿದಾಳೆ."

ಮಾವ ಎದ್ದರು. ಎದ್ದವರಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮೇಜನ್ನು ಹಿಡಿದುಕೊಂಡರು. "ಹತ್ತನೇದು ಸುಳ್ಳು," ಎಂದರು. ಸರಿಯಾದ ಅಂಕಿಯನ್ನೂ ಹೇಳಿದರು.

ಅಳಿಯ ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ. ಅಂಕಿಯನ್ನು ತಿದ್ದಿದ. ಮಾವ ಕುಲುಮೆಯ ಕೋಣೆಗೆ ಫೋನು ಮಾಡಿ, ಮಗಳನ್ನು ಕರೆಯಿರಿ ಎಂದು ಯಾರಿಗೋ ಕಿರುಚಿ, ಅವಳು ಬರುವುದನ್ನು ಕಾಯುತ್ತಿರುವಾಗಲೇ ಲೆಕ್ಕ ಮುಗಿದಿತ್ತು. ಪರದೆಯ ಮೇಲೆ ಗೋಡೆಯ ಒಳಮೈ ತೋರಿಸುವ ಗೆರೆ ಹತ್ತನೇ ಮೀಟರಿನ ಬಳಿ ಹೊರಕ್ಕೆ ಬಳುಕಿ ಬಂದಿತ್ತು. ಅಲ್ಲಿ ಇಟ್ಟಿಗೆ ನಾಲ್ಕು ಬೆರಳಿನಷ್ಟೂ ಉಳಿದಿರಲಿಲ್ಲ.

"ಏನಪ್ಪಾ? ಬೇಗ ಹೇಳು, ಉರಿ ಏರಿಸ್ತಾ ಇದೀವಿ."

"ನಿಲ್ಸು. ಎಲ್ಲರನ್ನೂ ಗೋಡೆ ಹತ್ರದಿಂದ ಈಚೆ ಕರಿ. ಹತ್ತನೇ ಮೀಟರ ಹತ್ರ ಇಟ್ಟಿಗೆ ಇಲ್ಲ. ರಿಪೋರ್ಟು ತಪ್ಪು."

"ಅವರ ಲೆಕ್ಕ ತಪ್ಪಾಯ್ತಾ?"

ಹೌದು ಎಂದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯವರೆಗೂ ಬಂತು. ಅಳಿಯ ಎದುರಿಗೇ ನಿಂತಿದ್ದ. ಅತ್ತೆ ಕೈಯಲ್ಲಿ ತಟ್ಟೆ ಹಿಡಿದು ಹಾಗೇ ನಿಂತಿದ್ದರು.

"ಅವರದಲ್ಲ. ಅಂಕಿ ನಾನು ಸುಳ್ಳು ಕೊಟ್ಟೆ. ಬೇಕಂತಲೇ. ಅವರು ಹಿಡೀತಾರೋ ಇಲ್ವೋ ನೋಡೋಣ ಅಂತ."

ಆ ಕಡೆ ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿತು. ಆಮೇಲೆ ಮಗಳು ಕೂಗುವುದು, ಒಬ್ಬೊಬ್ಬರನ್ನೇ ಕರೆಯುವುದು, ಹೆಜ್ಜೆಗಳು, ಏನೋ ಕಬ್ಬಿಣದ್ದು ಬಿದ್ದದ್ದು. ಮಾವ ಪ್ರತಿಯೊಂದು ಸದ್ದನ್ನೂ ಅನುಮಾನದಿಂದ ಕೇಳಿದರು. ಅಳಿಯ ಕುರ್ಚಿ ಎಳೆದು, "ಕೂತ್ಕೊಳ್ಳಿ ಮಾವ," ಎಂದ. ಅವರಿಗೆ ಕೂರಲಾಗಲಿಲ್ಲ.

ತುಂಬಾ ಹೊತ್ತಿನ ಮೇಲೆ ಮಗಳ ಏದುಸಿರು ಕೇಳಿತು. "ಉರಿ ಇಳಿಸಿದೀವಿ. ಎಲ್ಲರೂ ಈಚೆ ಬಂದ್ರು."

"ನೀನು?"

"ಅವರಿಗೆ ಕೊಡು ಫೋನು."

"ಮಗಾ, ಉಳಿದ ಅಂಕಿ ಎಲ್ಲ ಸರಿ ಇವೆ. ಆಣೆ ಮಾಡಿ ಹೇಳ್ತೀನಿ..."

"ಅಪ್ಪ, ಫೋನು ಅವರಿಗೆ ಕೊಡು. ನಾನೇ ಮೀಟರು ಕೋಣೇಲಿದೀನಿ. ಮೊದಲಿಂದ ಓದ್ತೀನಿ, ಅವರು ಬರ್ಕೊಳ್ಳಲಿ."

ಮಾವ ಫೋನು ಕೊಟ್ಟರು. ಅಳಿಯ ಅದನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಹಳೆಯ ಅಂಕಿಗಳನ್ನೆಲ್ಲ ಅಳಿಸಿ, ಅವಳು ಹೇಳಿದ್ದನ್ನು ಗಟ್ಟಿಯಾಗಿ ಮತ್ತೊಮ್ಮೆ ಹೇಳುತ್ತಾ ಒಂದೊಂದೇ ತುಂಬತೊಡಗಿದ. ಮಾವ ಅವನ ಬೆನ್ನ ಹಿಂದೆ ನಿಂತು ನೋಡಿದರು. ಮೊದಲನೆಯದು ಅವರು ಕೊಟ್ಟದ್ದೇ. ಎರಡನೆಯದೂ ಅದೇ, ಮೂರನೆಯದೂ ಅದೇ. ಯಾರೂ ಅದನ್ನು ಹೇಳಲಿಲ್ಲ. ಮುಂದಿನ ಅಂಕಿ ಮಾವನ ಬಾಯಲ್ಲೇ ಇತ್ತು. ಅಳಿಯ ಹಿಂದಕ್ಕೆ ತಿರುಗಿ ನೋಡದೆ, ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡು, ಅದು ಫೋನಿನಿಂದ ಬರಲೆಂದು ಕಾಯುತ್ತಿದ್ದ.